ಮೂವತ್ತರಲ್ಲಿ ಐದು ಹೋಗಿ, ನಾಲ್ಕು ಹೋಗಿ

ಯಲಬುರ್ಗಾದಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದೆ. ನಿಜಾಮರ ಕಾಲ. ಗುಡಿಯ ಪೌಳಿಯೇ ಶಾಲೆ, ನಾಲ್ಕೂ ಇಯತ್ತೆಗೆ ನಾನೊಬ್ಬನೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದರಲ್ಲೂ ಕಳೆಯುವ ಲೆಕ್ಕದ ಹೊತ್ತಿಗೆ. ಮೂವತ್ತು ಕುರಿಯಲ್ಲಿ ಎಂಟು ಸಂತೆಗೆ ಹೋದವು, ಆಮೇಲೆ ಆರನ್ನು ತೋಳ ಹಿಡಿಯಿತು, ಉಳಿದದ್ದೆಷ್ಟು ಅಂದರೆ ಮಕ್ಕಳು ಎಂಟನ್ನೂ ಮೂವತ್ತರಲ್ಲೇ ಕಳೆಯುವರು, ಆರನ್ನೂ ಮೂವತ್ತರಲ್ಲೇ ಕಳೆಯುವರು, ಎರಡೆರಡು ಉತ್ತರ ಹಿಡಿದು ನನ್ನ ಮುಂದೆ ನಿಲ್ಲುವರು. ಬೈದು ಬೈದು ಸಾಕಾಗಿ ಹುಣಸೆ ಬೀಜ ತರಿಸಿದೆ. ಹೋದದ್ದನ್ನು ಎತ್ತಿ ಬದಿಗಿಡಬೇಕು, ಉಳಿದದ್ದರಲ್ಲೇ ಮುಂದಿನದನ್ನು ತೆಗೆಯಬೇಕು. ಇದು ಎಲ್ಲರಿಗಿಂತ ಮೊದಲು ತಲೆಗೆ ಹತ್ತಿದ್ದು ಎಂಟು ವರ್ಷದ ಒಬ್ಬ ಹುಡುಗಿಗೆ.

ಆಕೆಯ ಅಣ್ಣನೂ ನಮ್ಮ ಶಾಲೆಯವನೇ. ಆ ವರ್ಷ ಶ್ರಾವಣದಲ್ಲಿ ಕಾಲರಾ ಬಂದು ಎರಡೇ ದಿನದಲ್ಲಿ ತೀರಿಕೊಂಡ. ಅವನನ್ನು ಬಿಟ್ಟರೆ ಹಾಜರಿ ಪುಸ್ತಕದಲ್ಲಿ ಇಪ್ಪತ್ತೊಂಬತ್ತೇ ಹೆಸರು. ಮೂವತ್ತಕ್ಕೆ ಕಡಿಮೆಯಾದರೆ ಶಾಲೆ ಎತ್ತಿಬಿಡುತ್ತೇವೆಂದು ಮೇಲಿನವರು ಮೊದಲೇ ಹೇಳಿದ್ದರು. ಶಾಲೆ ಹೋದರೆ ಈ ಮಕ್ಕಳ ಓದು ಅಲ್ಲಿಗೇ ಮುಗಿಯುತ್ತಿತ್ತು, ನನ್ನ ಅನ್ನವೂ ಹೋಗುತ್ತಿತ್ತು. ನನಗೆ ಮೊದಲು ಬಂದದ್ದು ಅನ್ನದ ಚಿಂತೆಯೇ, ಸುಳ್ಳೇಕೆ. ಅವನ ಹೆಸರು ಹೊಡೆದು ಹಾಕಲಿಲ್ಲ. ದಿನಾ ಅದರ ಮುಂದೆ ಗೈರುಹಾಜರಿ ಬರೆಯುತ್ತ ಬಂದೆ.

ಹತ್ತಿ ಬಿಡಿಸುವ ದಿನಗಳಲ್ಲಿ ಕೊಪ್ಪಳದಿಂದ ತನಿಖೆಯ ಸಾಹೇಬರು ಟಾಂಗಾದಲ್ಲಿ ಬಂದರು. ಅರ್ಧ ಮಕ್ಕಳು ಹೊಲದಲ್ಲಿದ್ದರು. ಅದಕ್ಕೆ ಅವರು ಏನೂ ಅನ್ನಲಿಲ್ಲ. ಹಾಜರಿ ಪುಸ್ತಕ ತಿರುವಿ ನೋಡಿ, ಮುಂದೆ ಕೂತಿದ್ದ ಈ ಹುಡುಗಿಯನ್ನೇ ಕೇಳಿದರು.

"ನಿಮ್ಮ ಸಾಲ್ಯಾಗ ಮೂವತ್ತು ಮಂದಿ ಅದೀರಿ. ಐದು ಮಂದಿ ನಾಕನೇ ಇಯತ್ತೆ ಮುಗಿಸಿ ಹೊಕ್ಕಾರ. ಆಮ್ಯಾಲ ನಾಕು ಮಂದಿ ಗಂಗಾವತಿ ಕಡೆ ದುಡಿಯಾಕ ಹೊಕ್ಕಾರ. ಉಳಿದವರೆಷ್ಟವ್ವಾ?"

ಆಕೆ ಮೂವತ್ತು ಬೀಜ ಎಣಿಸಿ ಇಟ್ಟಳು. ಮೊದಲು ಒಂದನ್ನು ಎತ್ತಿ ಬದಿಗಿಟ್ಟಳು. ಆಮೇಲೆ ಐದು ತೆಗೆದಳು, ಆಮೇಲೆ ನಾಲ್ಕು.

"ಇಪ್ಪತ್ರಿ."

ಆ ಒಂದು ಬೀಜ ಯಾರೆಂದು ನನಗೆ ತಿಳಿಯಿತು. ಸಾಹೇಬರು ನನ್ನತ್ತ ತಿರುಗಿದರು.

"ಏನ್ರಿ ಮಾಸ್ತರ, ಸರಿ ಐತೇನ್ರಿ?"

"ತಪ್ಪೈತ್ರಿ ಸಾಹೇಬ್ರ" ಎಂದೆ. ಅಷ್ಟಕ್ಕೆ ಬಿಡದೆ, "ಇನ್ನೊಮ್ಮೆ ಸರಿಯಾಗಿ ಮಾಡು" ಎಂದು ಆಕೆಯನ್ನು ಗದರಿದೆ ಕೂಡ.

ಆಕೆ ಬದಿಗಿಟ್ಟ ಒಂಟಿ ಬೀಜವನ್ನು ಎತ್ತಿ ಉಳಿದವುಗಳ ಜೊತೆ ಸೇರಿಸಿ, "ಇಪ್ಪತ್ತೊಂದ್ರಿ" ಎಂದಳು. ಸಾಹೇಬರು ಶಹಬ್ಬಾಸ್ ಅಂದು ಬೆನ್ನು ತಟ್ಟಿದರು, ಪುಸ್ತಕಕ್ಕೆ ಸಹಿ ಹಾಕಿದರು. ಶಾಲೆ ಉಳಿಯಿತು.

ಮಕ್ಕಳೆಲ್ಲ ಮನೆಗೆ ಹೊರಟಾಗ ಆಕೆ ಹಿಂದೆ ನಿಂತಳು.

"ಮಾಸ್ತರ್ರ, ನಮ್ಮಣ್ಣ ಅದಾನೇನ್ರಿ?"

ನಾನು ಇಲ್ಲದ ಸಿಟ್ಟು ತಂದುಕೊಂಡು ಮನೆಗೆ ನಡಿ ಎಂದೆ. ಅವತ್ತಿನಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ.

ಮುಂದೆ ಎರಡು ವರ್ಷ ಆಕೆ ನನ್ನ ಹತ್ತಿರ ಓದಿದಳು. ಒಂದು ಲೆಕ್ಕವೂ ತಪ್ಪಲಿಲ್ಲ. ಆದರೆ ಬೀಜ ಎಣಿಸಿ ಮುಗಿದ ಮೇಲೂ ತಾನಾಗಿ ಉತ್ತರ ಹೇಳುತ್ತಿರಲಿಲ್ಲ. "ಎಷ್ಟು ಅನ್ಲಿ ಮಾಸ್ತರ್ರ?" ಎಂದು ಮೊದಲು ನನ್ನನ್ನು ಕೇಳುತ್ತಿದ್ದಳು.