ಕಾಳಿನ ಕೋಣೆಯ ಕೀಲಿ

ಇದನ್ನು ಹೇಳಲು ಬಹಳ ವರ್ಷ ಹಿಂದೆಮುಂದೆ ನೋಡಿದೆ. ದೆವ್ವ, ಪವಾಡ ಎಂದವರನ್ನು ಕಂಡರೆ ನಗುತ್ತಿದ್ದವನು ನಾನು. ಈಗಲೂ ಅಂಥ ಮಾತು ನಂಬುವುದಿಲ್ಲ. ಆದರೆ ಐವತ್ತರ ದಶಕದ ಒಂದು ಭಾದ್ರಪದದಲ್ಲಿ ನನ್ನ ಮನೆಯಲ್ಲೇ ನಡೆದದ್ದಕ್ಕೆ ನನ್ನ ಬಳಿ ಉತ್ತರವಿಲ್ಲ.

ಅಪ್ಪ ತೀರಿಕೊಂಡ ಮೇಲೆ ರೋಣದ ನಮ್ಮ ಮನೆಗೆ ನಾನೇ ಯಜಮಾನ. ಅವ್ವ, ನಾನು, ತಂಗಿ, ಮೂವರೇ. ಮ್ಯಾಟ್ರಿಕ್ ಪಾಸಾದ ತಂಗಿ ನನಗೆ ಹೇಳದೆ ಅರ್ಜಿ ಹಾಕಿ, ಪುಣೆಯ ಮಿಲಿಟರಿ ದವಾಖಾನೆಯಲ್ಲಿ ನರ್ಸ್ ತರಬೇತಿಗೆ ಆಯ್ಕೆಯಾಗಿದ್ದಳು. ಅಷ್ಟರಲ್ಲಿ ನಾನು ಗಜೇಂದ್ರಗಡದ ಬಟ್ಟೆ ವ್ಯಾಪಾರಿಯೊಬ್ಬನಿಗೆ ಆಕೆಯನ್ನು ಕೊಡುವುದಾಗಿ ಮಾತು ಕೊಟ್ಟಿದ್ದೆ. ಅವನಿಗೆ ಎರಡನೆಯ ಸಂಬಂಧ, ಆದರೆ ಸ್ವಂತ ಅಂಗಡಿ ಇತ್ತು.

"ಗಂಡಸರ ಹುಣ್ಣು ತೊಳಿಯಾಕ ಹೊಂಟಿಯೇನ? ಮಂದಿ ಏನಂದಾರು?" ಎಂದೆ.

"ಗಜೇಂದ್ರಗಡದಾವಂಗ ಮದ್ಲಿನ ಹೆಂಡ್ತಿ ಮಕ್ಕಳದಾವಲ್ಲಣ್ಣ, ಅವರ ಮೂಗು ತೊಳದ್ರ ಮಂದಿ ಏನೂ ಅನ್ನೂದಿಲ್ಲೇನು?" ಎಂದಳು.

ಅವ್ವ ಒಲೆಯ ಕಡೆ ತಿರುಗಿ ನಕ್ಕಳು. ಆ ನಗುವಿಗೇ ನನ್ನ ಸಿಟ್ಟು ಹೆಚ್ಚಾಯಿತು.

ಆಕೆ ಮರುದಿನ ನಸುಕಿನ ಗದಗಿನ ಬಸ್ಸು ಹಿಡಿಯದಿದ್ದರೆ ಹೇಳಿದ ದಿನಕ್ಕೆ ಪುಣೆ ಮುಟ್ಟುವಂತಿರಲಿಲ್ಲ, ಆ ಜಾಗ ಬೇರೆಯವರ ಪಾಲಾಗುತ್ತಿತ್ತು. ಇದು ಗೊತ್ತಿದ್ದೇ ನಾನು ಆಕೆಯನ್ನು ಕಾಳಿನ ಕೋಣೆಗೆ ದೂಡಿ ಕೀಲಿ ಹಾಕಿದೆ. ಕಿಟಕಿಯ ಸರಳಿನ ಸಂದಿಯಿಂದ ರೊಟ್ಟಿ ಕೊಡು ಎಂದು ಅವ್ವನಿಗೆ ಹೇಳಿದೆ. ಇದ್ದ ಒಂದೇ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು, ಹೆಸರುಕಾಳಿನ ಬಂಡಿ ಹೂಡಿ ನರಗುಂದದ ಪೇಟೆಗೆ ಹೊರಟುಬಿಟ್ಟೆ.

ಆ ರಾತ್ರಿ ಕಾಳು ಮಾರಿಕೊಡುವ ದಲಾಲರ ಅಡತಿ ಅಂಗಡಿಯ ಚೀಲಗಳ ಮೇಲೆ ಮಲಗಿದೆ. ಜೋರು ಮಳೆಯಾಗಿ ಬೆಣ್ಣಿಹಳ್ಳ ತುಂಬಿತು, ರೋಣದ ದಾರಿ ಬಂದಾಯಿತು. ಬೆಳಿಗ್ಗೆ ಎದ್ದಾಗ ನನ್ನ ಎರಡೂ ಅಂಗೈ ಹಳದಿಯಾಗಿದ್ದವು. ಮೂಸಿ ನೋಡಿದರೆ ಅರಿಷಿಣ. ಈ ಚೀಲಗಳಲ್ಲಿ ಅರಿಷಿಣ ಇದೆಯೇ ಎಂದು ಅಲ್ಲೇ ಮಲಗಿದ್ದ ಹಮಾಲನನ್ನು ಕೇಳಿದೆ.

"ಎಲ್ಲಾ ಹೆಸರಕಾಳ ಅದಾವ್ರಿ. ರಾತ್ರಿಯೆಲ್ಲಾ ಗೊರಕಿ ಹೊಡದು ನಮಗ ನಿದ್ದಿ ಕೊಡಲಿಲ್ಲ ನೀವು. ಕನಸಿನಾಗ ಯಾರದರ ಲಗ್ನಕ್ಕ ಹೋಗಿದ್ರೇನು?" ಎಂದು ನಕ್ಕ.

ಕೈ ತೊಳೆದುಕೊಂಡೆ. ಕೀಲಿಕೈ ಉಡದಾರದಲ್ಲೇ ಇತ್ತು.

ನೀರು ಇಳಿದ ಮೇಲೆ ಊರಿಗೆ ಬಂದೆ. ನಾನು ಹಾಕಿದ ಕೀಲಿ ಹಾಗೇ ಇತ್ತು. ತೆಗೆದು ನೋಡಿದರೆ ಒಳಗೆ ತಂಗಿ ಇಲ್ಲ. ನೆಲದ ಮೇಲೆ ಒಂದಿಷ್ಟು ಅಕ್ಕಿಕಾಳು, ಒಂದು ಅರಿಷಿಣದ ಕೊಂಬು ಬಿದ್ದಿದ್ದವು. ಅವ್ವನ ಮೇಲೆ ಕೂಗಾಡಿದೆ. ಆಕೆ ನನ್ನನ್ನೇ ಪಿಳಿಪಿಳಿ ನೋಡಿದಳು.

"ಏನ ಕೇಳಾಕತ್ತೀಯೋ ತಮ್ಮಾ? ನಸುಕಿನಾಗ ನೀನ ಬಂದಿ, ನೀನ ಕೀಲಿ ತಗದಿ, ನೀನ ಆಕಿ ಉಡಿ ತುಂಬಿ ಬಸ್ಸಿಗೆ ಕಳಿಸಿದಿ. ಮೈಯೆಲ್ಲಾ ತೊಯ್ದಿತ್ತು. ಹಳ್ಳ ಹ್ಯಾಂಗ ದಾಟಿದೆಪಾ ಅಂತ ಕೇಳಿದ್ರ ಮಾತಾಡಲಿಲ್ಲ."

ಮನೆಮಗಳು ದೂರ ಹೊರಟಾಗ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು ಸೆರಗಿಗೆ ಹಾಕಿ ಉಡಿ ತುಂಬುವುದು ನಮ್ಮಲ್ಲಿ ಮುತ್ತೈದೆಯರ ಕೆಲಸ. ಅವ್ವ ವಿಧವೆ, ಮಾಡುವಂತಿರಲಿಲ್ಲ. ಗಂಡಸು ಮಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಓಣಿಯ ಮನೆಮನೆಗೂ ಹೋಗಿ ವಿಚಾರಿಸಿದೆ. ಆ ದಿನ ನಮ್ಮ ಮನೆಗೆ ಯಾರೂ ಬಂದಿರಲಿಲ್ಲ.

ಮೊದಲ ರಜೆಗೆ ಬಂದಾಗ ತಂಗಿ ನನ್ನ ಕಾಲು ಮುಟ್ಟಿದಳು. "ಅಣ್ಣಾ, ಅವತ್ತ ನಿನ್ನ ಕೈ ಭಾಳ ಥಣ್ಣಗಿತ್ತು" ಎಂದಳು. ನಾನಲ್ಲ ಎನ್ನಬೇಕಿತ್ತು. ಹೇಳಲಿಲ್ಲ. ಮೊದಲು ಗಾಬರಿಯಿಂದ ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ಹಿತವಾಗಿಬಿಟ್ಟಿತು.

ಆಕೆ ತರಬೇತಿಯಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಗಡಿಯ ದವಾಖಾನೆಗಳಲ್ಲಿ, ಹಿಮದಲ್ಲಿ, ಗಾಯಾಳುಗಳ ನಡುವೆ ದುಡಿದಳು. ಭುಜದ ಮೇಲೆ ಎರಡು ನಕ್ಷತ್ರ ಹಾಕಿಕೊಂಡು ರೋಣದ ಬಸ್ಸಿನಿಂದ ಇಳಿದ ದಿನ ಕಟ್ಟೆಯ ಮೇಲಿದ್ದ ಹಿರಿಯರು ಎದ್ದು ನಿಂತರು. ಗಜೇಂದ್ರಗಡದ ಆ ವ್ಯಾಪಾರಿ ತನ್ನ ಮಗಳನ್ನು ಕರೆದುಕೊಂಡು ಬಂದು, "ಈಕಿಗೂ ಅದ ದಾರಿ ತೋರಸ್ರಿ ಬಾಯಾರ" ಎಂದು ಕೈ ಮುಗಿದ. ತಂಗಿ ತೋರಿಸಿದಳು. ಆ ಹುಡುಗಿಯೂ ನರ್ಸ್ ಆದಳು.

ಮೇಜರ್ ಆದಾಗ ಆಕೆ ಕಲಿತ ಸಾಲಿಯಲ್ಲೇ ಸನ್ಮಾನ ಮಾಡಿದರು. "ನಮ್ಮಣ್ಣ ಕೀಲಿ ತಗೀಲಿಲ್ಲಂದ್ರ ನಾ ಇವತ್ತ ಗಜೇಂದ್ರಗಡದಾಗ ರೊಟ್ಟಿ ಬಡೀತಿದ್ದೆ" ಎಂದಳು. ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ನನಗೂ ಒಂದು ಮಾಲೆ ಹಾಕಿದರು. ಹಾಕಿಸಿಕೊಂಡೆ.

ಈಗ ನನಗೆ ಎಂಬತ್ತು ದಾಟಿದೆ. ಪ್ರತಿ ನಾಗರಪಂಚಮಿಗೆ ಆಕೆ ಪುಣೆಯಿಂದ ತವರಿಗೆ ಬರುತ್ತಾಳೆ. ಹಬ್ಬದ ಸಿಹಿ ಉಂಡಿ ಕೊಡುವಾಗ "ಕೀಲಿ ತಗದ ಕೈ" ಎಂದು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಪ್ರತಿ ವರ್ಷ ಹೇಳಿಬಿಡಬೇಕೆಂದು ಬಾಯಿ ತೆರೆದವನು ಉಂಡಿ ತಿಂದು ಸುಮ್ಮನಾಗುತ್ತೇನೆ.

ಕೀಲಿ ಹಾಕಿದವನು ನಾನೆಂಬುದು ಆಕೆಗೆ ಗೊತ್ತು. ಅದನ್ನು ಎಂದೋ ಮನ್ನಿಸಿದ್ದಾಳೆ, ತೆಗೆದವನೂ ನಾನೇ ಎಂದು ನಂಬಿ. ಅಂದು ನನ್ನ ಮುಖ ಹೊತ್ತು ಬಂದವರು ಯಾರು, ನನ್ನ ಅಂಗೈಗೆ ಅರಿಷಿಣ ಹೇಗೆ ಹತ್ತಿತು, ಇವತ್ತಿಗೂ ತಿಳಿದಿಲ್ಲ. ಈ ಪಂಚಮಿಗೆ ಮುಂಚೆಯೇ ಇದನ್ನು ಬರೆದಿಟ್ಟಿದ್ದೇನೆ. ಉಂಡಿ ಕೈಗಿಡುವ ಮೊದಲು ಓದಲಿ, ನಾನು ಯಾರಿಗೆ ಇನ್ನೂ ತಪ್ಪಾಯಿತೆಂದು ಹೇಳಿಲ್ಲವೋ ಆ ನನ್ನ ತಂಗಿ, ಮೇಜರ್ ಗೌರವ್ವ.