ಈಸ್ಟರ್‌ಗೆ ಅಮ್ಮನನ್ನು ಹೊತ್ತದ್ದು

ಠಾಣೆಯ ನೌಪಾಡಾದ ಚರ್ಚಿನಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ, ಅದು ಮುಗಿದ ಮೇಲೆ ನಮ್ಮ ಕನ್ನಡದ್ದು. ಭಾನುವಾರ ಶಾಲೆಯ ಮಕ್ಕಳಿಗೆ ನಾನು ಕನ್ನಡದಲ್ಲಿ ಕತೆ ಹೇಳುತ್ತೇನೆ, ಅವರು ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಾರೆ. ಈಸ್ಟರ್‌ಗೆ ಮೊದಲು ನಾನು ಹೇಳಿದ್ದು ಸುವಾರ್ತೆಯ ಪಾರ್ಶ್ವವಾಯು ರೋಗಿಯ ಕತೆ. ಯೇಸು ಇದ್ದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದ ನಾಲ್ವರು ಮಾಳಿಗೆ ಹತ್ತಿ, ಚಾವಣಿ ಕಿತ್ತು, ಅವನನ್ನು ಒಳಗೆ ಇಳಿಸುತ್ತಾರೆ. "ಸೊಸೈಟಿ ಸೇ ಪರ್ಮಿಷನ್ ಲಿಯಾ ಥಾ ಕ್ಯಾ?" ಎಂದಳು ಒಬ್ಬಳು, ಬಿಲ್ಡಿಂಗಿನ ಸೊಸೈಟಿಯ ಅನುಮತಿ ಪಡೆದಿದ್ದರಾ ಎಂದು. ಇನ್ನೊಬ್ಬಳಿಗೆ ಮಳೆಗಾಲದಲ್ಲಿ ಆ ಮನೆಯವರ ಗತಿ ಏನು ಎಂಬ ಚಿಂತೆ. ಠಾಣೆಯ ಮಕ್ಕಳಿಗೆ ಪವಾಡವನ್ನು ನಂಬುವುದು ಸುಲಭ, ಸೋರುವ ಚಾವಣಿಯನ್ನು ಮಾತ್ರ ಒಪ್ಪಲಾಗದು.

ನಕ್ಕು ನಕ್ಕು ಸುಸ್ತಾಗಿ ಪಕ್ಕದ ದಿವಾದಲ್ಲಿರುವ ನಮ್ಮ ಮನೆಗೆ ಬಂದು ಇದನ್ನು ಹೇಳಿದರೆ ಅಮ್ಮ ನಗಲಿಲ್ಲ. ನಮ್ಮದು ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಸೊಂಟದ ಮೂಳೆ ಮುರಿದ ಮೇಲೆ ಅಮ್ಮ ಕೆಳಗೆ ಇಳಿದಿರಲಿಲ್ಲ. ಸಭೆಯ ಅಯ್ಯನವರು ಪಾಪ, ಮನೆಗೇ ಬಂದು ಪ್ರಾರ್ಥನೆ ಮಾಡಿ, ಕರ್ತನ ಭೋಜನವನ್ನೂ ಕೊಟ್ಟು ಹೋಗುತ್ತಿದ್ದರು. ಅಮ್ಮನಿಗೆ ಅದು ಪಾರ್ಸೆಲ್ ಊಟ. ಈಸ್ಟರ್ ದಿನವಾದರೂ ಎಲ್ಲರ ಜೊತೆ ಬೆಂಚಿನಲ್ಲಿ ಕೂತು ರೊಟ್ಟಿ ತೆಗೆದುಕೊಳ್ಳಬೇಕು ಎಂಬುದೊಂದೇ ಅವಳ ಹಟ.

ಎದುರು ಮನೆಯವರು ಉಡುಪಿ ಕಡೆಯವರು, ಹೊಟೇಲೊಂದರ ಮ್ಯಾನೇಜರು. "ಅದಕ್ಕೆಂಥ ಮಂಡೆಬಿಸಿ ಅಮ್ಮ? ನೀವು ಕುರ್ಚಿಯಲ್ಲಿ ಕೂತ್ಕೊಳ್ಳಿ, ನಾವು ನಾಲ್ಕು ಜನ ಹೊತ್ಕೊಂಡು ಹೋಗ್ತೇವೆ" ಎಂದರು.

ಅಮ್ಮನ ಮುಖ ಕಪ್ಪಿಟ್ಟಿತು. "ನಾಲ್ಕು ಜನ ಹೊರುವುದು ಒಂದೇ ಸಲ. ಅದಕ್ಕೆ ಇನ್ನೂ ಟೈಮುಂಟು."

"ಸುವಾರ್ತೆಯಲ್ಲೂ ನಾಲ್ಕೇ ಜನ ಹೊತ್ತದ್ದು. ಆ ಮನುಷ್ಯ ಎದ್ದು ನಡೆದ" ಎಂದೆ ನಾನು, ಟೀಚರ್ ಗತ್ತಿನಲ್ಲಿ.

"ಅವನನ್ನು ಯಾರಾದ್ರೂ ಒಂದು ಮಾತು ಕೇಳಿದ್ರಾ? ಕತೆಯಲ್ಲಿ ಅವನಿಗೆ ಬಾಯೇ ಇಲ್ಲ. ಮೇಲಿಂದ ಇಳಿಸುವಾಗ ಅವನಿಗೆ ಎಷ್ಟು ಹೆದರಿಕೆ ಆಗಿತ್ತೋ, ನಿನಗೆ ಗೊತ್ತುಂಟಾ?"

ನನಗೆ ಸಿಟ್ಟು ಬಂತು. ವರ್ಷಗಟ್ಟಲೆ ಆ ಕತೆ ಹೇಳಿದವಳಿಗೆ ಹಾಸಿಗೆಯ ಮೇಲಿದ್ದವನ ಹೆದರಿಕೆ ಹೊಳೆದದ್ದೇ ಇಲ್ಲ. ಹೊತ್ತವರನ್ನೇ ಹೊಗಳುತ್ತ ಬಂದಿದ್ದೆ.

ನಮ್ಮನ್ನು ಪಾರು ಮಾಡಿದವರು ಕೆಳಗಿನ ಮಹಡಿಯ ವಿಜಯಪುರದವರು, ರೈಲ್ವೆಯಲ್ಲಿ ಕೆಲಸ. "ಐದು ಮಂದಿ ಹೊರೋಣ್ರೀ ಯವ್ವಾ. ಐದು ಮಂದಿ ಹೊತ್ತದ್ದು ಎಲ್ಲೆರೆ ನೋಡೀರೇನು?" ಅಮ್ಮ ಯೋಚಿಸಿದಳು. ನೋಡಿರಲಿಲ್ಲ. ಒಪ್ಪಿಕೊಂಡಳು.

ಆದರೆ ಕುರ್ಚಿಗೆ ಇರುವುದು ನಾಲ್ಕೇ ಕಾಲು. ಮ್ಯಾನೇಜರು, ಅವರ ಭಾವ, ರೈಲ್ವೆಯವರು, ಅವರ ತಮ್ಮ ಒಂದೊಂದು ಕಾಲು ಹಿಡಿದರು. ಐದನೆಯವಳಾಗಿ ನಾನು ಕುರ್ಚಿಯ ಬೆನ್ನಿಗೆ ಎರಡು ಬೆರಳು ತಾಗಿಸಿ ನಿಂತೆ. ಈಸ್ಟರ್ ದಿನ ರೇಷ್ಮೆ ಸೀರೆ ಉಟ್ಟ ಅಮ್ಮ, ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಪ್ರಾರ್ಥಿಸುತ್ತ ಇಳಿದಳು.

"ಲೆಫ್ಟ್, ಲೆಫ್ಟ್!"

"ಯಾರ ಲೆಫ್ಟು ಮಾರಾಯ್ರೆ?"

"ಇದಕ್ಕಿಂತ ಗ್ಯಾಸ್ ಸಿಲಿಂಡರ್ ಹಗುರ್ ಐತ್ರಿ."

"ಸಿಲಿಂಡರು ನಿಮಗೆ ಬೈಯುವುದಿಲ್ಲ, ನಾನು ಬೈತೇನೆ" ಎಂದಳು ಅಮ್ಮ, ಕಣ್ಣು ಬಿಡದೆಯೇ. ನಗು ತಡೆಯಲಾಗದೆ ಕುರ್ಚಿಯನ್ನು ಎರಡನೆಯ ಮಹಡಿಯಲ್ಲಿ ಇಳಿಸಿಯೇ ಬಿಟ್ಟರು. ಬಾಗಿಲು ಬಾಗಿಲಿನಿಂದ ಜನ ಇಣುಕಿದರು, ಯಾರೋ ನೀರು ಕೊಟ್ಟರು, ಮತ್ತೆ ಮೆರವಣಿಗೆ ಹೊರಟಿತು.

ಎರಡು ರಿಕ್ಷಾ ಮಾಡಿ, ಒಂದರಲ್ಲಿ ಕುರ್ಚಿಯನ್ನೂ ತುರುಕಿ, ನೌಪಾಡಾ ಸೇರಿದೆವು. ಅಮ್ಮನನ್ನು ಮತ್ತೆ ಕುರ್ಚಿಗೇರಿಸಿ ಗೇಟು ದಾಟುವಾಗ ಮರಾಠಿ ಸಭೆ ಹೊರಗೆ ಬರುತ್ತಿತ್ತು. ಹೊತ್ತು ತರುವುದನ್ನು ಕಂಡು ಜನ ಗಂಭೀರವಾಗಿ ದಾರಿ ಬಿಟ್ಟರು. ಹಿರಿಯರೊಬ್ಬರು ಟೋಪಿ ತೆಗೆದು ತಲೆ ತಗ್ಗಿಸಿದರು. ಅಮ್ಮ ಆಗ ಕಣ್ಣು ಬಿಟ್ಟಳು.

"ಜಿವಂತ ಆಹೇ ಮೀ!" ಬದುಕಿದ್ದೇನೆ ಎಂದು ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದಳು. ಅಂಗಳವೆಲ್ಲ ಗೊಳ್ಳೆಂದಿತು. ಪುನರುತ್ಥಾನದ ದಿನ ಅದಕ್ಕಿಂತ ಒಳ್ಳೆಯ ಪ್ರಸಂಗವನ್ನು ನಾನು ಕೇಳಿಲ್ಲ.

ಬೆಂಚಿನಲ್ಲಿ ಎಲ್ಲರ ಜೊತೆ ಕೂತು ರೊಟ್ಟಿ ತೆಗೆದುಕೊಂಡಾಗ ಅಮ್ಮ ಅತ್ತಳು, ನಾನೂ ಅತ್ತೆ. ಹೊತ್ತವರು ಕೊನೆಯ ಬೆಂಚಿನಲ್ಲಿ, ಬೇರೆಯವರು ಎದ್ದಾಗ ಎದ್ದು, ಕೂತಾಗ ಕೂತಿದ್ದರು. ಮುಗಿದ ಮೇಲೆ ಮ್ಯಾನೇಜರು ಅಯ್ಯನವರ ಹತ್ತಿರ ಹೋಗಿ, "ನಾವು ಒಳಗೆ ಕೂತದ್ದು ತೊಂದರೆ ಇಲ್ಲ ಅಲ್ವಾ? ನಾವು ಇದನ್ನು ನಂಬಿದವರಲ್ಲ" ಎಂದರು.

"ಆ ಕತೆಯಲ್ಲಿ ಯೇಸು ಕಂಡದ್ದು ಹೊತ್ತು ತಂದವರ ನಂಬಿಕೆಯನ್ನೂ ಹೌದು. ನೀವು ಯಾರು, ಏನು ಅಂತ ಅವರನ್ನು ಕೇಳಲಿಲ್ಲ" ಎಂದರು ಅಯ್ಯನವರು. ಮ್ಯಾನೇಜರಿಗೆ ಎಲ್ಲಿಲ್ಲದ ಖುಷಿ. ದಿವಾ ಮುಟ್ಟುವವರೆಗೂ ಅದನ್ನೇ ರಿಕ್ಷಾದವನಿಗೆ ಹಿಂದಿಯಲ್ಲಿ ವಿವರಿಸಿದರು.

ಇಳಿಯುವುದಕ್ಕಿಂತ ಹತ್ತುವುದು ಕಷ್ಟ. ಮಟಮಟ ಮಧ್ಯಾಹ್ನ, ಮೆಟ್ಟಿಲ ಬಳಿ ಗಾಳಿಯಿಲ್ಲ, ನಾಲ್ವರ ಅಂಗಿಯೂ ಬೆನ್ನಿಗೆ ಅಂಟಿತ್ತು. ಮೂರನೆಯ ಮಹಡಿಯ ತಿರುವಿನಲ್ಲಿ ಕುರ್ಚಿ ಒಂದು ಕಡೆಗೆ ವಾಲಿತು. ಅಮ್ಮ ಜಾರಿಯೇ ಬಿಟ್ಟಳು ಅಂದುಕೊಂಡು ಅವಳ ಕೈ ನೋಡಿದೆ. ಕೈಗಳು ಕುರ್ಚಿಯನ್ನು ಹಿಡಿದೇ ಇರಲಿಲ್ಲ. ರೇಷ್ಮೆ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಮುಂದೆ ಬಗ್ಗಿ, ರೈಲ್ವೆಯವರ ಕುತ್ತಿಗೆಗೆ ಗಾಳಿ ಬೀಸುತ್ತಿದ್ದಳು.

"ಅಮ್ಮ, ಗಟ್ಟಿ ಹಿಡ್ಕೊಳ್ಳಿ! ಹೆದರಿಕೆ ಆಗುದಿಲ್ವಾ ನಿಮಗೆ?" ಎಂದು ಏದುಸಿರು ಬಿಡುತ್ತ ಕೇಳಿದರು ಮ್ಯಾನೇಜರು.

"ಆಗ್ತದೆ" ಎಂದಳು ಅಮ್ಮ, ಸೆರಗನ್ನು ಅವರ ಕಡೆಗೆ ತಿರುಗಿಸುತ್ತ. "ಆದ್ರೆ ನಿಮಗೆ ಸೆಕೆ ಆಗ್ತಾ ಉಂಟಲ್ಲ."