ನನ್ನ ಹೆಸರಿನ ಕಾರ್ಡು

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ನಂಬರುಗಳು ನೆನಪಿರುವುದಿಲ್ಲ ಎಂದರೆ ನೀವು ನಂಬುವುದು ಕಷ್ಟ. ಮನೆಯ ಫೋನ್ ನಂಬರನ್ನು ಹೆಂಡತಿಯ ಹತ್ತಿರ ಕೇಳಿ ಹೇಳುವವನು ನಾನು. ಒಮ್ಮೆ ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಕೂಟರಿನ ನಂಬರು ಮರೆತು, ಒಂದೇ ಬಣ್ಣದ ನಾಲ್ಕು ಸ್ಕೂಟರುಗಳಿಗೆ ಬೀಗದ ಕೈ ಹಾಕಿ ನೋಡಿ, ಜನ ಸೇರುವಷ್ಟರಲ್ಲಿ ಐದನೆಯದರಲ್ಲಿ ಪಾರಾಗಿ ಬಂದಿದ್ದೆ. ಇದನ್ನು ಹಿಂದೆ ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ. ನಾನು ನೆನಪಿಟ್ಟುಕೊಳ್ಳದ ಒಂದು ನಂಬರನ್ನು ಮತ್ತೊಬ್ಬ ನೆನಪಿಟ್ಟುಕೊಂಡಿದ್ದ, ಅದರಿಂದ ಅವನ ಬದುಕು ಕೆಟ್ಟಿತು.

ಮನೆಯ ಮಾಡಿನ ಮೇಲೆ ಸಣ್ಣ ಡಿಶ್ ಕೂರಿಸುವ ಕಾಲ ಆಗಷ್ಟೇ ಶುರುವಾಗಿತ್ತು. ಡಿಶ್ಶಿನ ಜೊತೆಗೊಂದು ಬಾಕ್ಸು, ಬಾಕ್ಸಿನೊಳಗೆ ತೂರಿಸಲು ಒಂದು ಕಾರ್ಡು, ಕಾರ್ಡಿನ ಮೈಮೇಲೆ ಉಗುರಿನಷ್ಟಗಲದ ಹಿತ್ತಾಳೆ ಬಣ್ಣದ ಚೌಕ. ಆಕಾಶದಿಂದ ಚಿತ್ರ ಎಲ್ಲರ ಮಾಡಿನ ಮೇಲೂ ಬೀಳುತ್ತದೆ, ಹಣ ಕಟ್ಟಿದವರು ಕಟ್ಟದವರು ಎಂಬ ಭೇದವಿಲ್ಲ. ಆದರೆ ಬೀಗ ಹಾಕಿಕೊಂಡು ಬೀಳುತ್ತದೆ. ಬೀಗದ ಕೈ ಇರುವುದು ಆ ಚೌಕದಲ್ಲಿ. ಆ ಬೀಗವೂ ಕೆಲವು ಕ್ಷಣಗಳಿಗೊಮ್ಮೆ ಬದಲಾಗುತ್ತಲೇ ಇರುತ್ತದೆಂದು ಓದಿದಾಗ, ಗಣಿತದವನಾದ ನನಗೆ ಹೆಮ್ಮೆಯೇ ಆಯಿತು. ನನ್ನ ಅಜ್ಜನ ಮನೆಯ ಕಬ್ಬಿಣದ ಪೆಟ್ಟಿಗೆಗೆ ಎರಡು ಬೀಗದ ಕೈಗಳಿದ್ದವು, ಒಂದು ಅಜ್ಜನ ಸೊಂಟದಲ್ಲಿ, ಇನ್ನೊಂದು ಅಜ್ಜಿಯ ಸೆರಗಿನಲ್ಲಿ. ಇಬ್ಬರೂ ಒಪ್ಪಿದರೆ ಮಾತ್ರ ಪೆಟ್ಟಿಗೆ ತೆರೆಯಬಹುದಿತ್ತು. ಇಬ್ಬರೂ ಒಪ್ಪಿದ್ದನ್ನು ನಾನು ಕಂಡದ್ದಿಲ್ಲ. ಅದಕ್ಕಿಂತ ಭದ್ರವಾದ ಬೀಗ ಇರಲಾರದು ಅಂದುಕೊಂಡಿದ್ದೆ, ಈ ಕಾರ್ಡು ಅದನ್ನೂ ಮೀರಿಸಿತ್ತು.

ಇಂಥ ಬೀಗವನ್ನು ಒಡೆಯಲು ದೂರದ ದೇಶಗಳಲ್ಲಿ ಬುದ್ಧಿವಂತರು ವರ್ಷಗಟ್ಟಲೆ ಕೂರುತ್ತಾರಂತೆ. ನಮ್ಮ ಕಾಪುವಿನಲ್ಲಿ ಅಷ್ಟು ಕಷ್ಟ ಯಾರೂ ಪಡಲಿಲ್ಲ. ಒಂದು ಹೆಸರು ಕೇಳಿದರು, ನಾನು ಕೊಟ್ಟೆ.

ನಮ್ಮ ಕಡೆ ಹೆಸರು ಕೊಡುವುದೆಂದರೆ ಪಕ್ಕದ ಮನೆಗೆ ತೆಂಗಿನಕಾಯಿ ಕೊಟ್ಟ ಹಾಗೆ. ಗ್ಯಾಸು ಬೊಂಬಾಯಿಯಲ್ಲಿರುವ ಭಾವನ ಹೆಸರಿನಲ್ಲಿ, ಫೋನು ದೊಡ್ಡಪ್ಪನ ಹೆಸರಿನಲ್ಲಿ. ಉದ್ಯಾವರದ ನಮ್ಮ ಮನೆಯ ಕರೆಂಟು ಬಿಲ್ಲು ನಾನು ಹುಟ್ಟುವ ಮೊದಲೇ ತೀರಿಕೊಂಡ ಒಬ್ಬರ ಹೆಸರಿಗೆ ಇಂದಿಗೂ ಬರುತ್ತದೆ, ನಾವು ಅವರ ಪರವಾಗಿ ತಪ್ಪದೆ ಕಟ್ಟುತ್ತೇವೆ. ಹಾಗಾಗಿ ಸದಾನಂದ ಬಂದು ಕೇಳಿದಾಗ ನಾನು ಎರಡನೆಯ ಯೋಚನೆ ಮಾಡಲಿಲ್ಲ. ಅವನು ನನ್ನ ಹಳೆಯ ವಿದ್ಯಾರ್ಥಿ. ದೋಣಿಯಲ್ಲಿದ್ದ ತನ್ನ ಪಾಲು ಮಾರಿ ಕಾಪುವಿನಲ್ಲಿ ಕೇಬಲ್ ನಡೆಸುತ್ತಿದ್ದ. ಕ್ರಿಕೆಟ್ ಚಾನೆಲ್ಲನ್ನು ಕೇಬಲಿನವರು ತೆಗೆದುಕೊಳ್ಳಬೇಕೆಂದರೆ ದರ ವಿಪರೀತ. ಮನೆ ಬಳಕೆಗೆ ಒಂದು ಕಾರ್ಡು ಕೊಂಡು, ಅದನ್ನು ಕಂಟ್ರೋಲ್ ರೂಮಿನಲ್ಲಿಟ್ಟರೆ, ಮುನ್ನೂರು ಮನೆಗೆ ಚಿತ್ರ ಹೋಗುತ್ತದೆ.

"ನಿಮ್ಮ ಹೆಸರು ಒಂದು ಸಾಕು ಮಾಸ್ಟ್ರೇ. ಮಾಸ್ಟ್ರ ಮನೆಯನ್ನು ಯಾರು ಬಂದು ನೋಡುದುಂಟು?" ಎಂದ.

ಬಾಕ್ಸು ನನ್ನ ವಿಳಾಸಕ್ಕೆ ಬಂತು. ನಾನೇ ಸ್ಕೂಟರಿನಲ್ಲಿಟ್ಟು ಕಾಪುವಿಗೆ ಒಯ್ದು ಕೊಟ್ಟೆ. ಅಲ್ಲಿಂದ ಮುಂದೆ ನಮ್ಮ ಮನೆಗೆ ಸದಾನಂದನ ಕಡೆಯಿಂದ ಆಗಾಗ ಒಳ್ಳೆಯ ಬಂಗುಡೆ ಮೀನು ಬರತೊಡಗಿತು. ಕಳವಿನ ರುಚಿ ಅದರಲ್ಲಿ ಒಂದಿಷ್ಟೂ ಇರಲಿಲ್ಲ.

ಬಾಕ್ಸು ಒಯ್ದ ದಿನ ಕಂಟ್ರೋಲ್ ರೂಮಿನಲ್ಲಿ ನನಗೆ ಚಹಾ ತಂದುಕೊಟ್ಟವನು ಬಸಪ್ಪ. ಗದಗದ ಕಡೆಯವನು, ರಸ್ತೆಯ ಚರಂಡಿ ಅಗೆಯಲು ಬಂದು ಸದಾನಂದನ ಬಳಿ ಕೇಬಲ್ ಎಳೆಯುವ ಕೆಲಸಕ್ಕೆ ನಿಂತಿದ್ದ. ಹಿಂದಿನ ಕೋಣೆಯಲ್ಲಿ ಹೆಂಡತಿ ಮಲ್ಲವ್ವನ ಜೊತೆ ವಾಸ. ಮ್ಯಾಚಿನ ದಿನ ಅವನಿಗೆ ಇನ್ನೊಂದು ಕೆಲಸ. ಕಂಪನಿಯವರು ಕಳ್ಳರನ್ನು ಹಿಡಿಯಲು, ಆಟದ ನಡುವೆ ಕಾರ್ಡಿನ ನಂಬರನ್ನು ಪರದೆಯ ಯಾವುದೋ ಮೂಲೆಯಲ್ಲಿ ಒಂದು ಗಳಿಗೆ ತೋರಿಸಿ ಮಾಯ ಮಾಡುತ್ತಿದ್ದರು. ಯಾವುದಾದರೊಂದು ಮನೆಯಲ್ಲಿ ಅವರ ಮನುಷ್ಯ ಕೂತು ನಂಬರು ಬರೆದುಕೊಂಡರೆ, ಅದು ಯಾರ ಕಾರ್ಡೆಂದು ಗೊತ್ತಾಗಿಬಿಡುತ್ತದೆ. ಬಸಪ್ಪ ಟಿವಿಯ ಮುಂದೆ ಕೂತಿದ್ದು, ನಂಬರು ಕಂಡ ಕೂಡಲೇ ಸ್ವಿಚ್ ಒತ್ತಬೇಕು. ಆಗ ಮುನ್ನೂರು ಮನೆಗಳಲ್ಲಿ ಬ್ಯಾಟ್ಸ್‌ಮನ್ ಹೋಗಿ ದಾಸವಾಳ ಹೂವಿನ ಚಿತ್ರ ಬರುತ್ತಿತ್ತು, ಮುನ್ನೂರು ಮನೆಗಳೂ ಬಸಪ್ಪನಿಗೆ ಶಾಪ ಹಾಕುತ್ತಿದ್ದವು. ಪಾಪ, ಅವನು ಒಂದು ಮ್ಯಾಚನ್ನೂ ನೋಡಲಿಲ್ಲ, ನಂಬರನ್ನು ಮಾತ್ರ ನೋಡಿದ.

ಒಂದು ಮ್ಯಾಚಿನ ನಡುವೆ ಗಾಳಿಗೆ ಕೇಬಲ್ ಕಡಿದು ಬಿತ್ತು. ಸದಾನಂದ ಅವನನ್ನೇ ಕಂಬ ಹತ್ತಲು ಕಳಿಸಿದ. ಅವನು ಕಂಬದ ಮೇಲಿದ್ದಾಗ ನಂಬರು ಎಲ್ಲರ ಮನೆಯಲ್ಲೂ ಬಂದು ಹೋಯಿತು.

ನಾಲ್ಕನೆಯ ದಿನ ಕಂಪನಿಯವರೂ ಪೊಲೀಸರೂ ಉದ್ಯಾವರಕ್ಕೆ ಬಂದು ಬಾಕ್ಸು ಎಲ್ಲಿ ಎಂದು ಕೇಳಿದರು. ನನ್ನದು ಸರಕಾರಿ ಕೆಲಸ, ಸಸ್ಪೆಂಡಾದರೆ ಊರಲ್ಲಿ ತಲೆ ಎತ್ತುವುದು ಹೇಗೆ? ಮನೆಯಲ್ಲೇ ಇತ್ತು, ಈಗ ಕಾಣುವುದಿಲ್ಲ ಎಂದೆ. ಗುರುತು ಹಿಡಿಯಲು ಜೀಪಿನಲ್ಲಿ ಕಾಪುವಿಗೆ ಕರೆದೊಯ್ದರು. ಅಲ್ಲಿ ಸದಾನಂದನೂ ಇದ್ದ, ಬಸಪ್ಪನೂ ಇದ್ದ. ಇನ್ಸ್‌ಪೆಕ್ಟರು ಬಾಕ್ಸಿನಿಂದ ಕಾರ್ಡು ಎಳೆದು ಕೈಯಲ್ಲಿ ಮುಚ್ಚಿಕೊಂಡು, ನಿಮ್ಮ ನಂಬರು ಎಷ್ಟು ಮಾಸ್ಟ್ರೇ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ತಡವರಿಸಿದೆ. ನಾನು ಕಷ್ಟಕ್ಕೆ ಸಿಕ್ಕಿಬಿದ್ದೆನೆಂದು ಬಸಪ್ಪನಿಗೆ ಅನಿಸಿರಬೇಕು. "ನಾ ಹೇಳ್ತೀನ್ರಿ ಸಾಹೇಬ್ರ," ಎಂದು ಮುಂದೆ ಬಂದು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಒಂದೇ ಉಸಿರಿನಲ್ಲಿ ಅಷ್ಟೂ ಅಂಕೆಗಳನ್ನು ಹೇಳಿದ. ಒಂದೂ ತಪ್ಪಲಿಲ್ಲ.

ಒಡೆಯನಿಗೆ ಗೊತ್ತಿಲ್ಲದ ನಂಬರು ಇವನಿಗೆ ಹೇಗೆ ಗೊತ್ತು? ಇನ್ಸ್‌ಪೆಕ್ಟರು ಸದಾನಂದನ ಕಡೆ ತಿರುಗಿದರು. ಅವನು ನೆಲ ನೋಡುತ್ತಾ, ಬಾಕ್ಸು ತಂದದ್ದು ಇವನೇ, ಎಲ್ಲಿಂದ ಎಂದು ನಾನು ಕೇಳಲಿಲ್ಲ ಎಂದ. ಆಮೇಲೆ ನನ್ನ ಸರದಿ. ಇವನಿಗೆ ನೀವು ಕೊಟ್ಟದ್ದಾ ಎಂದು ಕೇಳಿದರು.

"ಇಲ್ಲ ಸಾರ್. ಇವನಿಗೆ ನಾನು ಕೊಟ್ಟದ್ದಲ್ಲ," ಎಂದೆ.

ಯೋಚಿಸಿ ನೋಡಿ, ಅದರಲ್ಲಿ ಸುಳ್ಳಿಲ್ಲ. ನಾನು ಕೊಟ್ಟದ್ದು ಸದಾನಂದನಿಗೆ. ಪರೀಕ್ಷೆಯಲ್ಲಾದರೆ ಈ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಕಾಗುತ್ತದೆ. ನನ್ನ ಜೀವಮಾನದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದು.

ಬಸಪ್ಪ ಸಿಟ್ಟಾಗಲಿಲ್ಲ. ನನಗೆ ಮರೆತಿದೆ ಎಂದೇ ತಿಳಿದು ನೆನಪಿಸಲು ನೋಡಿದ. "ಮಾಸ್ತರ, ನೀವ ಬಾಕ್ಸ್ ತಂದ ದಿನಾ ಚಾ ಕೊಟ್ಟಾಂವ ನಾನ ಅಲ್ರೀ?" ಎಂದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಪೊಲೀಸಿನವನೊಬ್ಬ ಅವನ ತೋಳು ಹಿಡಿದ.

ಆ ಸಂಜೆ ಕಾಪುವಿನ ಅಂಗಡಿಗಳಲ್ಲಿ ಕೇಳಿದ ದುಃಖವೆಲ್ಲ ಮ್ಯಾಚು ನಿಂತುಹೋದದ್ದರದ್ದು. ಬಸಪ್ಪ ಕಳವಿನ ಕೇಸಿನಲ್ಲಿ ತಿಂಗಳ ಮೇಲೆ ಒಳಗಿದ್ದ. ಮಲ್ಲವ್ವ ಕೋಣೆ ಖಾಲಿ ಮಾಡಿ ಊರಿಗೆ ಹೋದಳು. ಹೊರಗೆ ಬಂದ ಮೇಲೆ ಅವನು ನಂದಿಕೂರಿನ ಕಡೆ ಕಟ್ಟಡದ ಕೆಲಸ ಕೇಳಿಕೊಂಡು ಹೋದನಂತೆ, ಠಾಣೆಯಲ್ಲಿ ಹೆಸರಿದ್ದವನು ಬೇಡ ಎಂದು ಗುತ್ತಿಗೆದಾರನೊಬ್ಬ ಹಿಂದೆ ಕಳಿಸಿದನಂತೆ. ಆಮೇಲೆ ಎಲ್ಲಿಗೆ ಹೋದನೋ ಗೊತ್ತಿಲ್ಲ. ಇದನ್ನು ನನಗೆ ಹೇಳಿದವನು ಸದಾನಂದ. ಅವನು ಅಷ್ಟರಲ್ಲಿ ಕಾರ್ಕಳದ ಒಬ್ಬರ ಹೆಸರಿನಲ್ಲಿ ಇನ್ನೊಂದು ಕಾರ್ಡು ತಂದಿದ್ದ. ಬಂಗುಡೆ ಮತ್ತೆ ಬಂತು, ಬೇಡವೆಂದು ಹೇಳಿ ಕಳಿಸಿದೆ. ನನ್ನ ಪ್ರಾಯಶ್ಚಿತ್ತ ಅಷ್ಟರಲ್ಲೇ ಮುಗಿಯಿತು ಎನ್ನಲು ನನಗೆ ನಾಚಿಕೆಯಾಗುತ್ತದೆ.

ಈಗ ನಮ್ಮ ಮನೆಯಲ್ಲೂ ಡಿಶ್ ಉಂಟು. ಕಾರ್ಡು ನನ್ನ ಹೆಸರಿನದ್ದೇ, ಇರುವುದೂ ನನ್ನ ಮನೆಯಲ್ಲೇ. ಮ್ಯಾಚಿನ ನಡುವೆ ಯಾವಾಗಲಾದರೊಮ್ಮೆ ಅಂಕೆಗಳ ಸಾಲೊಂದು ಪರದೆಯ ಮೂಲೆಯಲ್ಲಿ ಮೂಡಿ ಮಾಯವಾಗುತ್ತದೆ. ಹೆಂಡತಿಗೆ ಅದು ಕಾಣುವುದೂ ಇಲ್ಲ. ನಾನು ಅದನ್ನು ಬಾಯಿಪಾಠ ಮಾಡಿದ್ದೇನೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಆದರೆ ಕೇಳಬೇಕಾದವರು ಆ ದಿನ ಕಾಪುವಿನಲ್ಲಿ ಒಂದೇ ಸಲ ಕೇಳಿ ಹೋಗಿದ್ದಾರೆ.